ಎಡಕ್ಕೆ ನಾಲ್ಕು ಬೆರಳು

ಮೊನ್ನೆ ಜೋಳದ ಚೀಲ ಸರಿಸಿ ಕಸ ಹೊಡೆಯುವಾಗ ಗೋಡೆಯ ಮೂಲೆಯಲ್ಲಿ ಒಂದು ಬಾಣ ಸಿಕ್ಕಿತು. ಬಿಲ್ಲಿಗೆ ಹೂಡುವ ಬಾಣವಲ್ಲ. ಬೆರಳುದ್ದದ ಹಿತ್ತಾಳೆ ಕಡ್ಡಿ, ಮುಂದೆ ಸೂಜಿ, ಹಿಂದೆ ಪ್ಲಾಸ್ಟಿಕ್ಕಿನ ಪುಕ್ಕ. ಪುಕ್ಕವನ್ನು ಇಲಿ ಕಡಿದಿತ್ತು. ಇಲಿಯೇ ಕಡಿಯಿತೋ, ಸೊಸೆ ಮುರಿದು ಇಲಿಯ ಮೇಲೆ ಹಾಕಿದಳೋ, ದೇವರಿಗೇ ಗೊತ್ತು. ನನ್ನ ಸ್ವಭಾವವೇ ಹೀಗೆ. ಯಾರು ಏನು ಕೊಟ್ಟರೂ ಮೊದಲು ತಿರುಗಿಸಿ ಬೆನ್ನು ನೋಡುತ್ತೇನೆ. ರಾಣೆಬೆನ್ನೂರಿನ ಅಂಗಡಿಯವನು ಸೀರೆಯ ಸೆರಗು ಹರಡಿದರೆ, ಒಳಮಡಿಕೆ ಬಿಚ್ಚು ಅನ್ನುತ್ತೇನೆ. ಕಂಡಕ್ಟರು ಸೀಟು ಖಾಲಿ ಇದೆ ಬಾ ಅಂದರೆ ಕಿಟಕಿಯಿಂದ ಇಣುಕಿ ನೋಡಿಯೇ ಹತ್ತುತ್ತೇನೆ. ಇದರಿಂದ ಕೆಲವು ಸಲ ಒಳ್ಳೆಯದಾಗಿದೆ. ಕೆಲವು ಸಲ ಬಸ್ಸು ಹೋಗಿದೆ.

ನಾನು ಓದಿದವಳಲ್ಲ. ಮಗ ಶಾಲೆಗೆ ಹೋಗುವಾಗ ಅವನ ಪಾಟಿಯ ಮೇಲೆ ಬಳಪ ತಿಕ್ಕಿ ತಿಕ್ಕಿ ನಾಲ್ಕು ಅಕ್ಷರ ಕಲಿತೆ. ಇದನ್ನು ಬರೆದಾಗ ಕಾಗುಣಿತ ತಿದ್ದಿದವಳು ಸೊಸೆ ಸುಜಾತಾ. ಕಾಗುಣಿತ ಮಾತ್ರ. ಮಾತು ತಿದ್ದಲು ಬಂದಾಗ ಕಾಗದ ಕಸಿದುಕೊಂಡೆ.

ಸುಜಾತಾ ಹಾವೇರಿಯ ಒಂದು ಕಚೇರಿಯಲ್ಲಿ ಗುಮಾಸ್ತೆ. ದಿನಾ ಬ್ಯಾಡಗಿಯಿಂದ ಹೋಗಿ ಬರುತ್ತಾಳೆ. ಮಗ ಲಾರಿ ಓಡಿಸುತ್ತಾನೆ, ಮನೆಯಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು. ಹಾಗಾಗಿ ಮನೆಯಲ್ಲಿ ನಾವಿಬ್ಬರೇ, ಅತ್ತೆ ಸೊಸೆ. ಒಂದು ದಿನ ಅವಳು ರಾಣೆಬೆನ್ನೂರಿಗೆ ಹೋಗಿ ಬರುತ್ತೇನೆ, ಜಂಪರು ಹೊಲಿಯಲು ಕೊಟ್ಟಿದ್ದೆ ಅಂದಳು. ಬರುವಾಗ ಕೈಯಲ್ಲಿ ಜಂಪರು ಇರಲಿಲ್ಲ. ಪೇಪರು ಸುತ್ತಿದ ದುಂಡನೆಯದೊಂದು ಇತ್ತು. ರೊಟ್ಟಿ ತಟ್ಟುವ ಹಲಗೆಗಿಂತ ದೊಡ್ಡದು. ಏನದು ಅಂದರೆ, "ಏನಿಲ್ರಿ ಅತ್ತಿ, ಕಚೇರೀದು" ಅಂದು ನಡುಮನೆ ದಾಟಿ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಕ್ ಅಂತ ಸದ್ದು. ಮತ್ತೆ ಟಕ್. ಆಮೇಲೆ ಏನೋ ನೆಲಕ್ಕೆ ಬಿದ್ದ ಸದ್ದು, ಮತ್ತು "ಥೂ" ಅನ್ನುವ ಮಾತು.

ಮರುದಿನ ಅವಳು ಹಾವೇರಿಗೆ ಹೋದ ಮೇಲೆ ಒಳಗೆ ಹೋಗಿ ನೋಡಿದೆ. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಳು. ಗಡಿಯಾರ ಅಂದುಕೊಂಡೆ, ಮುಳ್ಳಿಲ್ಲ. ಸುತ್ತಲೂ ಅಂಕಿ, ಅದೂ ಸರಿಯಾದ ಕ್ರಮದಲ್ಲಿ ಇಲ್ಲ. ತಲೆಯ ಮೇಲೆ ಇಪ್ಪತ್ತು, ಅದರ ಒಂದು ಮಗ್ಗುಲಿಗೆ ಒಂದು, ಇನ್ನೊಂದು ಮಗ್ಗುಲಿಗೆ ಐದು. ಕರಿ ಮನೆ, ಬಿಳಿ ಮನೆ, ನಡುವೆ ಕೆಂಪು ಚುಕ್ಕೆ. ಅದರಲ್ಲಿ ಮೂರು ಸೂಜಿ ಚುಚ್ಚಿದ್ದವು. ಈಗ ನೀವೇ ಹೇಳಿ, ದುಂಡನೆಯ ಹಲಗೆಯಲ್ಲಿ ಅಂಕಿ ಬರೆದು, ಕೆಂಪು ಬೊಟ್ಟಿಟ್ಟು, ಬಾಗಿಲು ಹಾಕಿಕೊಂಡು ಸೂಜಿ ಚುಚ್ಚಿದರೆ ಅದಕ್ಕೆ ಏನೆನ್ನಬೇಕು? ನಮ್ಮ ಕಾಲದಲ್ಲಿ ಅದಕ್ಕೆ ಒಂದೇ ಹೆಸರು ಇತ್ತು. ನನ್ನ ಹೆಸರಿನ ಮೇಲೆ ಸೂಜಿ ಚುಚ್ಚುತ್ತಾಳೆ ಅಂತ ಖಾತ್ರಿಯಾಯಿತು. ಹಲಗೆಯ ಹಿಂದೆ ಕೈಯಾಡಿಸಿ ನನ್ನ ತಲೆಗೂದಲು ಇದೆಯೇ, ಸೀರೆಯ ಎಳೆ ಇದೆಯೇ ಅಂತ ಹುಡುಕಿದೆ. ಜೇಡರ ಬಲೆ ಸಿಕ್ಕಿತು. ಆದರೂ ಇರಲಿ ಅಂತ ಉಪ್ಪು, ಮೆಣಸಿನಕಾಯಿ ನಿವಾಳಿಸಿಕೊಂಡು ಒಲೆಗೆ ಹಾಕಿದೆ. ಬ್ಯಾಡಗಿ ಕಾಯಿ, ಘಾಟು ಕಡಿಮೆ. ಆದರೂ ಕೆಮ್ಮು ಬಂತು.

ಸಂಜೆ ಅವಳು ಬಂದೊಡನೆ ಕೇಳಿಯೇ ಬಿಟ್ಟೆ.

"ಏ ಸುಜಾತಾ, ಯಾರ ಮ್ಯಾಲೆ ಚುಚ್ಚಾಕತ್ತೀ ಸೂಜಿ?"

"ಅಯ್ಯ, ಅದು ಆಟರಿ ಅತ್ತಿ. ಡಾರ್ಟ್ ಅಂತಾರ. ಕಚೇರ್ಯಾಗ ಹೆಣ್ಮಕ್ಕಳಿಗೆ ಪಂದ್ಯ ಇಟ್ಟಿದ್ರು. ನಂದು ಬಾಣ ಬೋರ್ಡಿಗೆ ಬೀಳಲಿಲ್ಲ, ಸಾಹೇಬರ ಕೋಟಿಗೆ ಹೋತು."

"ಸಾಹೇಬರು?"

"ಕೋಟು ಗ್ವಾಡಿಗಿ ನೇತು ಹಾಕಿದ್ರು. ಪುಣ್ಯಾಕ್ಕ ಅವರು ಒಳಗ ಇರಲಿಲ್ಲ."

ಇಡೀ ಕಚೇರಿ ನಕ್ಕಿತಂತೆ. ಮತ್ತೆ ಪಂದ್ಯವಿದೆ, ಅಷ್ಟರಲ್ಲಿ ಕೈ ಕೂಡಿಸಿಕೊಳ್ಳಬೇಕು ಅಂತ ಬೋರ್ಡು ತಂದಿದ್ದಾಳಂತೆ. ನಂಬಬೇಕೋ ಬೇಡವೋ ಅಂತ ಅವಳ ಮುಖ ನೋಡಿದೆ. ಸುಳ್ಳು ಹೇಳುವವರು ಸಾಹೇಬರ ಕೋಟಿನಂಥ ಮಾತು ಹುಟ್ಟಿಸುವುದಿಲ್ಲ. ಅರ್ಧ ನಂಬಿದೆ.

ಗುರಿ ಅಂದರೆ ನನಗೆ ಹೊಸದಲ್ಲ. ನಾನು ಹುಟ್ಟಿದ್ದು ಕರ್ಜಗಿಯಲ್ಲಿ. ಜೋಳ ಹಾಲುದುಂಬಿದಾಗ ಹೊಲದಲ್ಲಿ ಮಂಚಿಕೆ ಕಟ್ಟಿ ನನ್ನನ್ನು ಹತ್ತಿಸುತ್ತಿದ್ದರು. ಕೈಯಲ್ಲಿ ಕವಣೆ, ಉಡಿಯಲ್ಲಿ ಕಲ್ಲು. ಬೆಳಗಿನಿಂದ ಹಕ್ಕಿ ಕಾಯುವುದು. ಕಲಿಸಿದವಳು ನನ್ನ ಸೋದರತ್ತೆ ನೀಲವ್ವ. ಅವಳ ಬಾಯಿಂದ ಒಳ್ಳೆಯ ಮಾತು ಬಂದದ್ದು ನಾನು ಕೇಳಿಲ್ಲ, ಆದರೆ ಕೈ ಒಳ್ಳೆಯದು. ಒಡೆದ ಗಡಿಗೆಯ ಕಂಠವನ್ನು ಬೇವಿನ ಕೊಂಬೆಗೆ ತೂಗುಹಾಕಿ, ಹತ್ತು ಹೆಜ್ಜೆ ದೂರ ನಿಲ್ಲಿಸುತ್ತಿದ್ದಳು. ಹೊಡೆದರೆ ಒಂದು ಹೆಜ್ಜೆ ಹಿಂದೆ. ತಪ್ಪಿದರೆ ಎರಡು ಹೆಜ್ಜೆ ಮುಂದೆ. ಸಂಜೆಯವರೆಗೆ ನಾನು ಹಿಂದೆ ಮುಂದೆ ಹಿಂದೆ ಮುಂದೆ ನಡೆಯುತ್ತಿದ್ದರೆ, ಹಕ್ಕಿಗಳು ಜೋಳ ತಿಂದು ಹೋಗುತ್ತಿದ್ದವು. ಅದಕ್ಕೂ ಬೈಗುಳ ನನಗೇ. ಆದರೆ ಆ ವರ್ಷ ಹಸಿ ಜೋಳದ ತೆನೆ ಸುಟ್ಟು ಸೀತನಿ ತಿನ್ನುವ ಹೊತ್ತಿಗೆ ಮೂವತ್ತು ಹೆಜ್ಜೆಯಿಂದ ಗಡಿಗೆಯ ಕಂಠಕ್ಕೆ ಕಲ್ಲು ಮುಟ್ಟಿಸುತ್ತಿದ್ದೆ. ಆಮೇಲೆ ಮದುವೆಯಾಗಿ ಬ್ಯಾಡಗಿಗೆ ಬಂದೆ. ಇಲ್ಲಿ ಹೊಲವಿಲ್ಲ, ಹಕ್ಕಿಯಿಲ್ಲ. ಗುರಿ ಮಾತ್ರ ಕೈಯಲ್ಲಿ ಉಳಿದಿದೆ ಅಂದುಕೊಂಡಿದ್ದೆ.

ಬ್ಯಾಡಗಿಯಲ್ಲಿ ನನ್ನ ಕೆಲಸ ಮೆಣಸಿನಕಾಯಿಯದು. ಪೇಟೆಯ ಹಿಂದಿನ ವಖಾರಿಯ ಅಂಗಳದಲ್ಲಿ ನಾವು ಇಪ್ಪತ್ತು ಹೆಂಗಸರು ಸಾಲಾಗಿ ಗೋಣಿತಟ್ಟು ಹಾಸಿ ಕೂರುತ್ತೇವೆ. ಒಬ್ಬೊಬ್ಬರ ಮುಂದೆ ಒಂದೊಂದು ರಾಶಿ. ತೊಟ್ಟು ಮುರಿಯುವುದು, ಬಿಳಿ ಮಚ್ಚೆ ಬಿದ್ದ ಕಾಯಿ ಆರಿಸಿ ಹಿಂದಕ್ಕೆ ಒಗೆಯುವುದು, ಕೆಂಪನೆಯವನ್ನು ಮುಂದೆ ಗುಡ್ಡೆ ಹಾಕುವುದು. ಮಧ್ಯಾಹ್ನ ಮೇಸ್ತ್ರಿ ಬಸಪ್ಪ ಬಂದು ಒಬ್ಬೊಬ್ಬರ ಗುಡ್ಡೆಯಿಂದ ಬೊಗಸೆ ಕಾಯಿ ಎತ್ತಿ ಚೀಲದ ಮೇಲೆ ಹರಡಿ ನೋಡುತ್ತಾನೆ. ಬಿಳಿ ಕಾಯಿ ಸಿಕ್ಕರೆ ಎಲ್ಲರೆದುರು ಎತ್ತಿ ಹಿಡಿಯುತ್ತಾನೆ. ಮೂವತ್ತು ವರ್ಷದಲ್ಲಿ ನನ್ನ ಗುಡ್ಡೆಯ ಮೇಲೆ ಅವನೂ, ಅವನಪ್ಪನೂ ಬೆರಳು ತೋರಿಸಿದ್ದಿಲ್ಲ.

ಆ ಡಾರ್ಟ್ ಬೋರ್ಡು ಮನೆಗೆ ಬಂದ ವಾರವೇ ಬಸಪ್ಪ ನನ್ನ ಗುಡ್ಡೆಯಿಂದ ನಾಲ್ಕು ಬಿಳಿ ಕಾಯಿ ತೆಗೆದ. ಮರುದಿನ ಆರು. ಮೂರನೆಯ ದಿನ ಹರಡಿದ ಚೀಲದ ಮೇಲೆ ಎಷ್ಟಿದ್ದವೋ, ಅವನು ಎಣಿಸಲೂ ಇಲ್ಲ.

"ಈರವ್ವಾ, ಇದೇನಬೇ? ಹೊಸಾಕಿ ಹಂಗ ಮಾಡೀ."

ನಾನು ಮಾಡಿಲ್ಲ ಅಂತ ನನಗೆ ಗೊತ್ತು. ನಾನು ಮಾಡಿಲ್ಲ ಅಂದರೆ ಬೇರೆಯವರು ಮಾಡಿರಬೇಕು. ನನ್ನ ಬಲಕ್ಕೆ ಕೂರುವವಳು ಗಂಗವ್ವ. ಹನ್ನೆರಡು ವರ್ಷದಿಂದ ನನ್ನ ಬಲಕ್ಕೇ ಕೂರುತ್ತಾಳೆ. ಒಂದೇ ಬುತ್ತಿಯ ಚಟ್ನಿ ತಿಂದಿದ್ದೇವೆ. ಆದರೆ ಚಟ್ನಿ ತಿಂದವರು ಮೋಸ ಮಾಡುವುದಿಲ್ಲ ಅಂತ ಎಲ್ಲಿ ಬರೆದಿದೆ? ಅವಳ ಕೈ ನನ್ನ ಗುಡ್ಡೆಗೆ ಒಂದೇ ಮಾರು. ತನ್ನ ಬಿಳಿ ಕಾಯಿಯನ್ನು ಹಿಂದೆ ಒಗೆಯುವ ಬದಲು ನನ್ನತ್ತ ಒಗೆದರೆ ಯಾರು ನೋಡುತ್ತಾರೆ? ಎದ್ದು ನಿಂತು ಹೇಳಿಬಿಟ್ಟೆ.

"ಗಂಗವ್ವ ಒಗದಾಳ. ತನ್ನ ಬಿಳೀವು ನನ್ನ ರಾಶಿಗೆ ಒಗಿಯಾಕತ್ತಾಳ."

ಗಂಗವ್ವ ಬಾಯಿ ತೆರೆದು ನನ್ನನ್ನೇ ನೋಡಿದಳು. "ಈರಿ, ನಿನ್ನ ನಾಲಿಗಿ ನೆಟ್ಟಗ ಐತೇನ?" ಅಂದಳು.

"ನೆಟ್ಟಗ ಐತಿ. ನಿನ್ನ ಕೈ ನೋಡ್ಕೋ."

ನಮ್ಮ ಅಂಗಳದಲ್ಲಿ ಒಂದು ರೂಢಿ ಇದೆ. ಯಾರ ಮೇಲಾದರೂ ಇಂಥ ಮಾತು ಬಂದರೆ ಅವಳು ತನ್ನ ತಟ್ಟು ಎತ್ತಿಕೊಂಡು ಬಾಗಿಲ ಬಳಿ ಹೋಗಿ ಒಬ್ಬಳೇ ಕೂರಬೇಕು. ಅಲ್ಲಿ ಲಾರಿಗೆ ಚೀಲ ಹೇರುತ್ತಾರೆ, ಖಾರದ ದೂಳೆಲ್ಲ ಗಾಳಿಗೆ ಆ ಕಡೆಗೇ ಹೋಗುತ್ತದೆ. ಸಂಜೆಗೆ ಮುಖ ಉರಿದು ಬೆಂದಂತೆ ಆಗುತ್ತದೆ. ಯಾರೂ ಅವಳ ಹತ್ತಿರ ಬುತ್ತಿ ಬಿಚ್ಚುವುದಿಲ್ಲ. ನಾನು ಹಳಬಳು, ನನ್ನ ಮಾತು ನಡೆಯಿತು. ಗಂಗವ್ವ ತಟ್ಟು ಸುತ್ತಿಕೊಂಡು ಹೋದಳು. ಬಸಪ್ಪ ನನ್ನ ಹತ್ತಿರ ಬಂದು, "ಮುಂದಿನ ಗುರುವಾರದ ಪೇಟಿ ಮುಗೀಲಿ, ಆಕೀನ ಕೆಲಸ ಬಿಡಿಸಿಬಿಡ್ತೇನಿ" ಅಂದ. ಗಂಗವ್ವನಿಗೆ ಹಿಂದು ಮುಂದು ಯಾರೂ ಇಲ್ಲ, ಈ ಅಂಗಳ ಬಿಟ್ಟರೆ ಬೇರೆ ಕೆಲಸ ಬರುವುದಿಲ್ಲ. ಗೊತ್ತಿತ್ತು. ಆದರೂ ಸರಿ ಅಂದೆ.

ಮನೆಗೆ ಬಂದರೆ ಟಕ್ ಟಕ್ ನಡೆದೇ ಇತ್ತು. ಈಗ ಬಾಗಿಲು ತೆರೆದಿಟ್ಟೇ ಆಡುತ್ತಿದ್ದಳು. ನಾನು ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದೆ. ಸುಮ್ಮನೆ ಒಗೆಯುವುದಲ್ಲವಂತೆ, ಗುರಿ ಕೂಡಲು ಬೇರೆ ಬೇರೆ ಆಟ ಇವೆಯಂತೆ. ಒಂದು ಆಟದಲ್ಲಿ ಒಂದರಿಂದ ಇಪ್ಪತ್ತರವರೆಗೆ ಸಾಲಾಗಿ ಹೊಡೆಯಬೇಕು. ಒಂದಕ್ಕೆ ಬೀಳದೆ ಎರಡಕ್ಕೆ ಹೋಗುವಂತಿಲ್ಲ. ಸುಜಾತಾ ಒಂದು ಸಂಜೆಯೆಲ್ಲ ನಾಲ್ಕರ ಮನೆಯಲ್ಲೇ ಸಿಕ್ಕಿಕೊಂಡಿದ್ದಳು. ಇನ್ನೊಂದು ಆಟ ಇನ್ನೂ ಕೆಟ್ಟದ್ದು. ಹೇಳಿದ ಮನೆಗೆ ಮೂರು ಬಾಣ. ಬಿದ್ದಷ್ಟು ಅಂಕ ಕೂಡಿಸಿಕೊಳ್ಳಬೇಕು. ಮೂರೂ ತಪ್ಪಿದರೆ ಅಲ್ಲಿಯವರೆಗೆ ಗಳಿಸಿದ್ದರಲ್ಲಿ ಅರ್ಧ ಹೋಯಿತು.

"ಅರ್ಧಾ? ಒಂದ ಸಲ ತಪ್ಪಿದ್ದಕ್ಕ?" ಅಂದೆ.

"ಹೂಂರಿ."

"ಇದನ್ನ ಯಾರ ಮಾಡಿದ್ದು?"

"ಯಾರದೋ ಅತ್ತಿ ಮಾಡಿರಬೇಕು ಬಿಡ್ರಿ" ಅಂದಳು ಬೆನ್ನು ತಿರುಗಿಸಿಕೊಂಡೇ.

ಮಾತು ತಿರುಗಿಸಿ, ಅಂಕಿಗಳು ಯಾಕೆ ಹೀಗೆ ಅಡ್ಡಾದಿಡ್ಡಿ ಅಂತ ಕೇಳಿದೆ. ದೊಡ್ಡ ಅಂಕಿಯ ಮಗ್ಗುಲಿಗೆ ಬೇಕಂತಲೇ ಸಣ್ಣದು ಇಟ್ಟಿದ್ದಾರೆ, ಇಪ್ಪತ್ತಕ್ಕೆ ಆಸೆಪಟ್ಟು ಸ್ವಲ್ಪ ತಪ್ಪಿದರೆ ಒಂದು, ಇಲ್ಲವೇ ಐದು, ಅಂದಳು. ಇದು ನನಗೆ ಬಹಳ ಹಿಡಿಸಿತು. ಮಗ್ಗುಲಲ್ಲಿ ಕೂತವರಿಂದಲೇ ಕೇಡು. ಇಪ್ಪತ್ತು ನಾನು, ಒಂದು ಗಂಗವ್ವ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಆದರೆ ಇನ್ನೊಂದು ಸಂಶಯ ನನ್ನನ್ನು ಬಿಡಲಿಲ್ಲ. ಇವಳು ಒಬ್ಬಳೇ ಆಡುತ್ತಾಳೆ, ಒಬ್ಬಳೇ ಮಗನ ಹಳೆಯ ಪಾಟಿಯ ಮೇಲೆ ಬರೆದುಕೊಳ್ಳುತ್ತಾಳೆ. ತಪ್ಪಿದ್ದನ್ನು ಬಿದ್ದಿದೆ ಅಂತ ಬರೆದರೆ ಕೇಳುವವರು ಯಾರು? ಒಂದು ದಿನ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವವಳಂತೆ ಹಲಗೆಯ ಮೇಲೆ ಕೈ ಬಡಿಯುತ್ತ, ಬಾಗಿಲ ಸಂದಿನಿಂದ ನೋಡಿದೆ. ಮೂರು ಬಾಣ ಒಗೆದಳು. ಮೂರೂ ಬೇರೆ ಮನೆಗೆ ಹೋದವು. ಪಾಟಿ ತೆಗೆದುಕೊಂಡು ಏನೋ ಬರೆದಳು. ಆಮೇಲೆ ಅವಳು ಬಟ್ಟೆ ತೆಗೆಯಲು ಮಾಳಿಗೆಗೆ ಹೋದಾಗ ಒಳಗೆ ಹೋಗಿ ನೋಡಿದೆ. ಸೊನ್ನೆ. ಅದರ ಪಕ್ಕದಲ್ಲಿ ಗಳಿಸಿದ್ದರ ಅರ್ಧ ಹೊಡೆದು ಹಾಕಿದ್ದಳು. ಯಾರೂ ನೋಡದಿರುವಾಗ ತನಗೆ ತಾನೇ ಸೊನ್ನೆ ಹಾಕಿಕೊಳ್ಳುವ ಹೆಂಗಸು! ನನಗೆ ಸಂಶಯ ಇನ್ನೂ ಹೆಚ್ಚಾಯಿತು. ನಾನು ಸಂದಿನಲ್ಲಿ ನಿಂತದ್ದು ಇವಳಿಗೆ ಗೊತ್ತಿರಬೇಕು ಅಂದುಕೊಂಡೆ.

ಒಂದು ಸಂಜೆ ಅವಳೇ ಅಂದಳು, "ಅತ್ತಿ, ನೀವೂ ಒಗೀರಿ. ಬರೇ ಹೇಳತೀರಿ, ಕವಣಿ ಹಂಗಿತ್ತು ಹಿಂಗಿತ್ತು ಅಂತ."

ಸೆರಗು ಸಿಕ್ಕಿಸಿ, ಅವಳು ನೆಲಕ್ಕೆ ಎಳೆದಿದ್ದ ಗೆರೆಯ ಮೇಲೆ ನಿಂತೆ. ಬಾಣ ಕೈಯಲ್ಲಿ ಹಿಡಿದಾಗ ಹಗುರ ಅನ್ನಿಸಿತು, ಆದರೆ ಮಣಿಕಟ್ಟಿಗೆ ಹಳೆಯದೆಲ್ಲ ನೆನಪಿತ್ತು. ಮನಸ್ಸಿನಲ್ಲೇ ಆರರ ಮನೆ ಹಿಡಿದೆ, ಅದು ಬಲಗಡೆ ಅಡ್ಡಕ್ಕೆ ಇದೆ. ಒಗೆದೆ. ಟಕ್. ಸುಜಾತಾ ಕಿರುಚಿದಳು.

"ನಟ್ಟ ನಡುವ ಬಿತ್ತಲ್ರೀ! ಕೆಂಪ ಚುಕ್ಕಿಗೆ! ನನಗ ವಾರದ ಮ್ಯಾಲಾತು, ಒಮ್ಮಿನೂ ಬಿದ್ದಿಲ್ಲ!"

ನಾನು ಆರಕ್ಕೆ ಒಗೆದದ್ದು ಅಂತ ಹೇಳಲಿಲ್ಲ. ಯಾಕೆ ಹೇಳಬೇಕು? ಸೆರಗು ಸರಿಮಾಡಿಕೊಂಡು, "ಮಣಿಕಟ್ಟು ಸಡಿಲ ಬಿಡಬೇಕು, ನೀನು ಬಿಗಿ ಹಿಡೀತೀ" ಅಂತ ಬುದ್ಧಿ ಬೇರೆ ಹೇಳಿದೆ. ಆಮೇಲೆ ಎಡಗಡೆಯ ಹನ್ನೊಂದಕ್ಕೆ ಒಗೆದೆ. ಬಾಣ ಬೋರ್ಡು ಬಿಟ್ಟು ಪಕ್ಕದ ಕ್ಯಾಲೆಂಡರಿಗೆ ಹೋಗಿ ಅಮಾವಾಸ್ಯೆಗೆ ಚುಚ್ಚಿತು. ಇನ್ನೆರಡು ಬಾಣ ಅದರ ಮಗ್ಗುಲಿಗೇ ಹೋದವು. ಮೂರೂ ಒಂದು ಹಿಡಿಯಲ್ಲಿ ಬರುವಷ್ಟು ಹತ್ತಿರ, ಆದರೆ ಹನ್ನೊಂದಕ್ಕಲ್ಲ. ಅಳೆದು ನೋಡಿದರೆ ಬೇಕಾದ ಜಾಗದಿಂದ ಎಡಕ್ಕೆ ನಾಲ್ಕು ಬೆರಳು. ಮತ್ತೆ ಒಗೆದೆ. ಮತ್ತೆ ನಾಲ್ಕು ಬೆರಳು.

"ಬೋರ್ಡು ಸೊಟ್ಟ ಐತಿ" ಅಂದೆ.

"ನೆಟ್ಟಗ ಐತ್ರಿ."

"ಹಂಗಾರ ಬಾಣ ಸೊಟ್ಟ."

"ಆಗ ನಟ್ಟ ನಡುವ ಹೆಂಗ ಬಿತ್ತರಿ?"

ಬಾಣ ಅವಳ ಕೈಗೆ ಕೊಟ್ಟು ಹೊರಗೆ ಹೋದೆ. ಈ ಹುಡುಗಿ ನಾನು ಊಟಕ್ಕೆ ಕೂತಾಗ ಮೊಳೆ ಸರಿಸಿರಬೇಕು ಅಂತ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಇತ್ತ ಅಂಗಳದಲ್ಲಿ ಗಂಗವ್ವ ಬಾಗಿಲ ಬಳಿ ಹೋದ ಮೇಲೂ ನನ್ನ ಗುಡ್ಡೆಯಲ್ಲಿ ಬಿಳಿ ಕಾಯಿ ಬರುವುದು ನಿಲ್ಲಲಿಲ್ಲ. ಮೊದಲ ದಿನ, ಇವು ಗಂಗವ್ವ ಹೋಗುವ ಮುಂಚೆ ಒಗೆದವು ಅಂದೆ. ಎರಡನೆಯ ದಿನ, ಗಾಳಿಗೆ ಹಾರಿ ಬಂದವು ಅಂದೆ. ಮೂರನೆಯ ದಿನ, ಅಂಗಳಕ್ಕೆ ನುಗ್ಗುವ ಕೋಳಿಯ ಮೇಲೆ ಹಾಕಿದೆ. ನಾಲ್ಕನೆಯ ದಿನ ಬಸಪ್ಪನೇ ತನ್ನ ಅಂಗೈಯಲ್ಲಿ ಬಚ್ಚಿಟ್ಟುಕೊಂಡು ಬರುತ್ತಾನೇನೋ ಅಂತ ಅವನ ಕೈ ಹಿಡಿದು ಬಿಡಿಸಿ ನೋಡಿದೆ. ಹೆಂಗಸರು ನಕ್ಕರು. ಬಾಗಿಲ ಬಳಿಯಿಂದ ನಗು ಬರಲಿಲ್ಲ.

ಆ ಭಾನುವಾರ ಸುಜಾತಾ ತವರಿಗೆ, ಗುತ್ತಲಕ್ಕೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೇ. ಮಧ್ಯಾಹ್ನ ಉಂಡು, ಅಗಳಿ ಹಾಕಿ, ಆ ಬೋರ್ಡಿನ ಮೋಸ ಹಿಡಿದೇ ಬಿಡುತ್ತೇನೆ ಅಂತ ನಿಂತೆ. ಗೌಂಡಿಗಳು ಗೋಡೆ ನೋಡುವ ಹಾಗೆ ದಾರಕ್ಕೆ ಕಲ್ಲು ಕಟ್ಟಿ ಮೇಲಿನಿಂದ ಇಳಿಬಿಟ್ಟೆ. ಇಪ್ಪತ್ತರ ನಡುವಿನಿಂದ ಕೆಂಪು ಚುಕ್ಕೆಯ ಮೇಲೆ ಹಾದು ಕೆಳಗಿನ ಮೂರರ ನಡುವಿಗೆ ಬಂತು ದಾರ. ನೆಟ್ಟಗೇ ಇತ್ತು. ನೆಲದ ಗೆರೆ ಅಳೆದೆ, ಅದೂ ಸರಿ. ಬಾಣಗಳನ್ನು ಒಂದೊಂದಾಗಿ ಹೊಸ್ತಿಲ ಮೇಲೆ ಉರುಳಿಸಿದೆ. ಸೊಟ್ಟವಿದ್ದರೆ ಕುಣಿಯಬೇಕು, ಕುಣಿಯಲಿಲ್ಲ. ಇನ್ನು ಸಂಶಯಪಡಲು ಆ ಕೋಣೆಯಲ್ಲಿ ಉಳಿದದ್ದು ನಾನೊಬ್ಬಳೇ.

ನೀಲವ್ವ ಹೇಳಿಕೊಟ್ಟ ಒಂದು ಪರೀಕ್ಷೆ ಇತ್ತು. ಗುರಿ ಎಡಕ್ಕೋ ಬಲಕ್ಕೋ ಜಾರತೊಡಗಿದರೆ ಕೈಯನ್ನು ಬೈಯಬೇಡ, ಕಣ್ಣನ್ನು ಕೇಳು ಅನ್ನುತ್ತಿದ್ದಳು. ಹೆಬ್ಬೆರಳು ಚಾಚಿ ಕೆಂಪು ಚುಕ್ಕೆಗೆ ಸರಿಯಾಗಿ ಹಿಡಿದೆ. ಬಲಗಣ್ಣು ಮುಚ್ಚಿದೆ. ಬೆರಳು ಇದ್ದಲ್ಲೇ ಇತ್ತು. ಎಡಗಣ್ಣು ಮುಚ್ಚಿದೆ.

ಬೋರ್ಡು ಇರಲಿಲ್ಲ. ಅಕ್ಕಿ ತೊಳೆದ ನೀರಿನಲ್ಲಿ ತಟ್ಟೆ ಬಿದ್ದ ಹಾಗೆ ಒಂದು ದುಂಡನೆಯ ಮಬ್ಬು. ಅಂಕಿ ಒಂದೂ ಇಲ್ಲ. ನನ್ನ ಹೆಬ್ಬೆರಳೇ ಸರಿಯಾಗಿ ಇರಲಿಲ್ಲ. ಗುರಿ ಹಿಡಿಯುವ ಕಣ್ಣು ಯಾವಾಗಲೂ ನನಗೆ ಬಲದ್ದೇ. ಅದು ಯಾವಾಗ ಹೋಯಿತೋ, ನನಗೆ ಹೇಳದೆ ಹೋಗಿತ್ತು.

ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಒಂದು ಹಿಡಿ ಮೆಣಸಿನಕಾಯಿ ತಂದು ತಟ್ಟೆಯಲ್ಲಿ ಹರಡಿದೆ. ಎರಡೂ ಕಣ್ಣು ಬಿಟ್ಟು ನೋಡಿದೆ, ಎಲ್ಲವೂ ಕೆಂಪು. ಬಾಗಿಲಿಗೆ ತಂದು ಬಿಸಿಲಿನಲ್ಲಿ ನೋಡಿದೆ, ಎಲ್ಲವೂ ಕೆಂಪು. ಎಡಗಣ್ಣನ್ನೂ ನಂಬುವಂತಿರಲಿಲ್ಲ. ಆಮೇಲೆ ಎರಡೂ ಕಣ್ಣು ಮುಚ್ಚಿ ಬೆರಳಿನಿಂದ ನೋಡಿದೆ. ಬಿಳಿ ಕಾಯಿಯ ಮೈ ಬೇರೆ. ಹಗುರ, ಹಳೆಯ ಕಾಗದದ ಹಾಗೆ ಸರಬರ ಅನ್ನುತ್ತದೆ. ನಿಧಾನವಾಗಿ ತಡವಿ ತಡವಿ ಐದು ಕಾಯಿ ಬೇರೆ ಇಟ್ಟೆ. ಕಣ್ಣು ತೆರೆದು ಆ ಐದನ್ನು ನೋಡಿದರೆ, ನನ್ನ ಕಣ್ಣು ಅವನ್ನೂ ಕೆಂಪು ಅಂದಿತು. ಮಗ್ಗುಲ ಮನೆಯ ಹೆಂಗಸು ನೀರು ತುಂಬಿಕೊಂಡು ಹೊರಟಿದ್ದಳು. ಅವಳನ್ನು ಕರೆದು ತಟ್ಟೆ ತೋರಿಸಿದೆ.

"ಇವು ಹೆಂಗ ಅದಾವ?"

"ಮಚ್ಚಿ ಕಾಯಿ ಅದಾವಲ್ಲಬೇ. ಯಾವನಂತಾವ ಮೋಸ ಮಾಡ್ಯಾನ ನಿನಗ?" ಅಂದಳು.

ಹೌದು ಅಂದು ಬಾಗಿಲು ಹಾಕಿಕೊಂಡೆ.

ಹೊತ್ತು ಹೋಗದೆ ಆ ಅರ್ಧ ಕಳೆಯುವ ಆಟ ಆಡಿದೆ. ಕ್ಯಾಲೆಂಡರು ತೆಗೆದಿಟ್ಟು ಹನ್ನೊಂದಕ್ಕೆ ಮೂರು ಬಾಣ ಒಗೆದೆ, ಮೂರೂ ಗೋಡೆಗೆ. ಪಾಟಿ ತೆಗೆದುಕೊಂಡು ಹನ್ನೊಂದು ಅಂತ ಬರೆದೆ. ಯಾರಿದ್ದರು ನೋಡಲು? ಹೋಗಿ ಚಹಾ ಕಾಯಿಸಿ ಕುಡಿದೆ. ವಾಪಸು ಬಂದು ನೋಡಿದರೆ ಆ ಹನ್ನೊಂದು ಹಾಗೇ ಇತ್ತು. ಎಂಜಲು ಹಚ್ಚಿ ಒರೆಸಿದೆ. ಆದರೆ ಸೊನ್ನೆ ಬರೆಯಲು ಕೈ ಬರಲಿಲ್ಲ, ಪಾಟಿ ಖಾಲಿಯೇ ಇಟ್ಟೆ.

ಸೋಮವಾರ ಅಂಗಳಕ್ಕೆ ಹೋಗಿ ಏನೂ ಹೇಳಲಿಲ್ಲ. ಮಂಗಳವಾರವೂ ಹೇಳಲಿಲ್ಲ. ಸುಳ್ಳು ಯಾಕೆ, ಹೆದರಿಕೆ ಇತ್ತು. ಕಣ್ಣಿಲ್ಲದವಳನ್ನು ಬಣ್ಣ ಆರಿಸುವ ಕೆಲಸಕ್ಕೆ ಯಾರು ಇಟ್ಟುಕೊಳ್ಳುತ್ತಾರೆ? ಗಂಗವ್ವ ಹೋದರೆ ನಾನು ಉಳಿಯುತ್ತೇನೆ, ಹೇಳಿದರೆ ಇಬ್ಬರಲ್ಲಿ ನಾನೇ ಹೊರಗೆ. ಎರಡು ದಿನ ಬೆರಳಿನಿಂದ ತಡವಿ ಆರಿಸಿದೆ. ಬಿಳಿ ಕಾಯಿ ಕಡಿಮೆಯಾದವು, ಆದರೆ ನನ್ನ ಗುಡ್ಡೆಯೂ ಅರ್ಧಕ್ಕೆ ಇಳಿಯಿತು. ಬಸಪ್ಪ ಅಂದ, "ನೋಡು, ಗಂಗವ್ವ ದೂರ ಹ್ವಾದ್ಲು, ನಿನ್ನ ರಾಶಿ ಸ್ವಚ್ಛ ಆತು. ನಿನ್ನ ಮಾತು ಖರೇನ ಇತ್ತು." ಅದನ್ನು ಅವನು ದೊಡ್ಡ ದನಿಯಲ್ಲಿ ಹೇಳಿದ. ಬಾಗಿಲ ಬಳಿ ಗಂಗವ್ವ ತಲೆ ಎತ್ತಲಿಲ್ಲ. ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು ತೊಟ್ಟು ಮುರಿಯುತ್ತಿದ್ದಳು. ಕಣ್ಣಿನ ಸುತ್ತ ಕೆಂಪಾಗಿ ಊದಿಕೊಂಡಿತ್ತು. ಅಷ್ಟು ದೂರದಿಂದ ನನಗೆ ಅದು ಕಾಣಲಿಲ್ಲ, ಬೇರೆಯವರು ಹೇಳಿದರು.

ಬುಧವಾರ ಬೆಳಿಗ್ಗೆ ತಟ್ಟು ಹಾಸುವ ಮೊದಲೇ ನಡುವೆ ನಿಂತು ಹೇಳಿದೆ.

"ಕೇಳ್ರಿ ಎಲ್ಲಾರೂ. ಗಂಗವ್ವ ಏನೂ ಒಗದಿಲ್ಲ. ನನ್ನ ಕಣ್ಣ ಹೋಗೇತಿ. ಬಿಳೀದು ಕೆಂಪಂದು ನನಗ ಗೊತ್ತಾಗೂದಿಲ್ಲ. ನಾನ ಕಾಣದ ಬಿಟ್ಟಿದ್ದು, ಆಕೀ ಮ್ಯಾಲೆ ಹಾಕಿದೆ."

ಬಸಪ್ಪ ತಲೆ ಕೆರೆದುಕೊಂಡ. ಗಂಗವ್ವ ಎದ್ದು ಬಂದಳು. ಅಳುತ್ತಾಳೆ, ಇಲ್ಲವೇ ಹೊಡೆಯುತ್ತಾಳೆ ಅಂದುಕೊಂಡೆ. ಎರಡೂ ಮಾಡಲಿಲ್ಲ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಈಗ ಯಾಕ ಹೇಳಾಕತ್ತೀ?" ಅಂದಳು. "ನಾಳಿಗೆ ನನ್ನ ಬಿಡಸ್ತಾರ. ಇವತ್ತ ನಿನಗ ಕಣ್ಣ ಹೋತು. ಇದರಾಗ ಏನರ ಆಟ ಐತಿ."

"ಆಟ ಇಲ್ಲ."

"ನಿನ್ನ ನಾ ಇವತ್ತ ನೋಡಾಕತ್ತೇನೇನ?" ಬಗ್ಗಿ ಒಂದು ಬೊಗಸೆ ಕಾಯಿ ಎತ್ತಿ ನನ್ನ ಮೂಗಿನ ಕೆಳಗೆ ಹಿಡಿದಳು. "ಬಿಳೀವು ಎಷ್ಟದಾವ ಹೇಳು. ಕೈ ಹಚ್ಚಬ್ಯಾಡ."

ನೋಡಿದೆ. ಬಹಳ ಹೊತ್ತು ನೋಡಿದೆ. "ಎರಡು" ಅಂದೆ.

ಸಾಲಿನಲ್ಲಿದ್ದ ಯಾವಳೋ ಬಾಯಿಗೆ ಸೆರಗು ಒತ್ತಿಕೊಂಡಳು. ಗಂಗವ್ವ ಬೊಗಸೆಯನ್ನು ಹಾಗೇ ಬಸಪ್ಪನ ಕಡೆಗೆ ತಿರುಗಿಸಿದಳು. ಬೊಗಸೆ ತುಂಬ ಬಿಳಿ ಕಾಯಿಯೇ ಇದ್ದವಂತೆ, ಹಿಂದಕ್ಕೆ ಒಗೆದ ರಾಶಿಯಿಂದಲೇ ಎತ್ತಿದ್ದಳು.

"ಖರೇನ ಹೋಗೇತಿ" ಅಂದಳು. ಆ ಮಾತಿನಲ್ಲಿ ಮರುಕ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಲೆಕ್ಕ ಸರಿ ಬಂದಾಗ ಜನ ಹೇಳುವ ಹಾಗೆ ಹೇಳಿದಳು.

ಬಸಪ್ಪ, "ಹಂಗಾರ ನೀ ಇನ್ನ ಮನಿಗಿ ನಡಿಯವ್ವ ಈರವ್ವಾ. ಬಣ್ಣ ಕಾಣದಾಕಿಗೆ ಇಲ್ಲೇನ ಕೆಲಸ?" ಅಂದ.

"ತೊಟ್ಟು ಮುರಿಯಾಕ ಕಣ್ಣ ಬೇಕಿಲ್ಲ" ಅಂದೆ.

ಅವನು ಏನೋ ಹೇಳುವ ಮೊದಲೇ ಗಂಗವ್ವ ಬಾಯಿ ಹಾಕಿದಳು. "ಮನಿಗೆ ಹೆಂಗ ಹೋಗ್ತಾಳ? ನಾ ಒಂಬತ್ತ ದಿನ ಬಾಗಲದಾಗ ಕುಂತೇನಿ. ಆಕೀನೂ ಒಂಬತ್ತ ದಿನ ಅಲ್ಲೇ ಕುಂದರ್ಲಿ. ಆಮ್ಯಾಲೆ ನೀ ಏನರ ಮಾಡು."

ಅದು ನ್ಯಾಯ. ನಾನು ತಟ್ಟು ಎತ್ತಿಕೊಂಡು ಬಾಗಿಲ ಬಳಿಗೆ ಹೋದೆ.

ಒಂಬತ್ತು ದಿನ ಕೂತೆ. ಲಾರಿಗೆ ಚೀಲ ಹೇರುವಾಗ ಬೀಳುವ ದೂಳು ಎಂಥದ್ದು ಅಂತ ಗೊತ್ತಾಯಿತು. ಬುತ್ತಿ ಒಬ್ಬಳೇ ಉಂಡೆ. ಅದರ ನಡುವೆ ಸುಜಾತಾ ರಜೆ ಹಾಕಿ ನನ್ನನ್ನು ಹಾವೇರಿಗೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆ ಒಂದು ದಿನ ತಪ್ಪಿತು ಅಂತ ಗಂಗವ್ವ ಕೊನೆಗೆ ಒಂದು ದಿನ ಹೆಚ್ಚು ಕೂರಿಸಿದಳು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲದ್ದು ಪೂರಾ ಬಲಿತಿದೆ, ಆಪರೇಷನ್ ಮಾಡಿದರೆ ಕಾಣುತ್ತದೆ ಅಂದರು ಡಾಕ್ಟರು. ಎಲ್ಲರಿಗೂ ಹಾಗೇ ಹೇಳುತ್ತಾರೇನೋ ಅಂತ ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತವರನ್ನೆಲ್ಲ ಒಬ್ಬೊಬ್ಬರನ್ನೇ ಕೇಳಿದೆ. ಒಬ್ಬನಿಗೆ ಬರೀ ಕನ್ನಡಕ ಬರೆದುಕೊಟ್ಟಿದ್ದರು. ಹಾಗಾಗಿ ನಂಬಿದೆ. ಕಾಯಿಯ ಸುಗ್ಗಿ ಮುಗಿದ ಮೇಲೆ ಬರುತ್ತೇನೆ ಅಂತ ಹೆಸರು ಬರೆಸಿ ಬಂದೆ. ಬಸ್ಸಿನಲ್ಲಿ ಬರುವಾಗ ಸುಜಾತಾಳಿಗೆ, ಆವತ್ತು ನಟ್ಟನಡುವೆ ಬಿದ್ದದ್ದು ಆರಕ್ಕೆ ಒಗೆದದ್ದು ಅಂತ ಹೇಳಿದೆ. "ನನಗ ಗೊತ್ತಿತ್ತರಿ" ಅಂದಳು. ಹೇಗೆ ಗೊತ್ತಿತ್ತು ಅಂತ ಎಷ್ಟು ಕೇಳಿದರೂ ಹೇಳಲಿಲ್ಲ. ಪಂದ್ಯದಲ್ಲಿ ಆಮೇಲೆ ಅವಳು ಎಂಟು ಜನರಲ್ಲಿ ಐದನೆಯವಳಾಗಿ ಬಂದಳು. ಕೋಟು ಮೊದಲೇ ತೆಗೆದಿಟ್ಟಿದ್ದರಂತೆ.

ಬಾಗಿಲ ಬಳಿಯ ದಿನಗಳು ಮುಗಿದ ಮರುದಿನ ಬೆಳಿಗ್ಗೆ ನಾನು ಎಲ್ಲಿ ಕೂರಬೇಕು ಅಂತ ತಿಳಿಯದೆ ತಟ್ಟು ಬಗಲಲ್ಲಿ ಹಿಡಿದು ನಿಂತಿದ್ದೆ. ಬಸಪ್ಪ ಇನ್ನೂ ಏನೂ ಹೇಳಿರಲಿಲ್ಲ. ಗಂಗವ್ವ ಬಂದು ತಟ್ಟು ಕಸಿದುಕೊಂಡು ತನ್ನ ಮಗ್ಗುಲಿಗೆ, ಎಡಕ್ಕೆ ಹಾಸಿದಳು.

"ಕುಂದ್ರು. ಇಬ್ಬರದೂ ಒಂದ ರಾಶಿ. ನೀ ತೊಟ್ಟು ಮುರಿ, ನಾ ಬಣ್ಣ ನೋಡ್ತೇನಿ. ಬಸಪ್ಪಗ ನಾ ಹೇಳೇನಿ."

ಕೂತೆ. ತೊಟ್ಟು ಮುರಿದು ಅವಳ ಕಡೆ ದೂಡತೊಡಗಿದೆ. ಅವಳ ಕೈ ಹೋಗುವುದು ಬರುವುದು ಕಾಣುತ್ತಿತ್ತು, ಯಾವ ಕಾಯಿ ಎಲ್ಲಿಗೆ ಹೋಗುತ್ತಿದೆ ಅನ್ನುವುದು ಕಾಣುತ್ತಿರಲಿಲ್ಲ. ಒಂದು ಗಂಟೆ ತೊಟ್ಟು ಮುರಿದೆ. ಆಮೇಲೆ ತಡೆಯಲಾಗಲಿಲ್ಲ.

"ಗಂಗೀ, ನೀ ಬಿಳೀವು ಇದರಾಗ ಬಿಟ್ಟು, ಬಸಪ್ಪ ಬಂದಾಗ ನನ್ನ ಹೆಸರ ಹೇಳಿದೆಂದ್ರ, ನನಗ ಹೆಂಗ ಗೊತ್ತಾಗಬೇಕು?"

ಗಂಗವ್ವ ಕೈ ನಿಲ್ಲಿಸಲಿಲ್ಲ.

"ಗೊತ್ತಾಗೂದಿಲ್ಲ" ಅಂದಳು.